ಒಂದೇ ವಾರದಾಗ ರೆಕಾರ್ಡ್, ಇಂಟರ್ನಲ್, ಸೆಮಿನಾರ್, ಸರ್ವೆ: ಯಾವುದು ಮೊದಲು ಮಾಡ್ಲಿ?

ಪ್ರಶ್ನೆ: ಬಿಸಿಲೂರ_ಹುಡುಗಿ

ನಮಸ್ಕಾರ್ರಿ ಎಲ್ಲಾರಿಗೂ. ನಾನು ಕಲಬುರಗಿಯೊಳಗ ಬಿ.ಎ. ನಾಲ್ಕನೇ ಸೆಮಿಸ್ಟರ್, ಸೈಕಾಲಜಿ ಮೇಜರ್. ಹಾಸ್ಟೆಲ್‌ನ್ಯಾಗ ಇರ್ತೀನಿ. ಬರೋ ಸೋಮವಾರದಿಂದ ಶನಿವಾರದೊಳಗ ಇಷ್ಟು ಮುಗಿಸಬೇಕಾಗ್ಯದ.

ಬುಧವಾರ ಸ್ಟ್ಯಾಟಿಸ್ಟಿಕ್ಸ್ ಇಂಟರ್ನಲ್: ಮೀನ್ (ಸರಾಸರಿ), ಮೀಡಿಯನ್ (ನಡುವಿನ ಬೆಲೆ), ಎಸ್‌ಡಿ (ಅಂಕಿ ಸರಾಸರಿಯಿಂದ ಎಷ್ಟು ಚದುರ್ಯಾವ ಅನ್ನೋ ಅಳತಿ), ರ್ಯಾಂಕ್ ಕೋರಿಲೇಶನ್ (ಎರಡು ಅಂಕಿಗಳ ಸಂಬಂಧ ರ್ಯಾಂಕ್ ಮ್ಯಾಲ ನೋಡೋದು). ಗುರುವಾರ ನನ್ನ ಸೆಮಿನಾರ್, 15 ನಿಮಿಷ, ವಿಷಯ ಮರೆವು. ಶುಕ್ರವಾರ ಗೈಡ್ ಮೇಡಂಗೆ ಕಿರುಯೋಜನೆಯ ಟೇಬಲ್ ತೋರಿಸಬೇಕು. ಹಾಸ್ಟೆಲ್ ಹುಡುಗ್ಯಾರು ಮತ್ತ ದಿನಾ ಊರಿಂದ ಬಂದು ಹೋಗೋ ಹುಡುಗ್ಯಾರು, ಇವರ ಒತ್ತಡದ ಹೋಲಿಕೆ, ಪಿಎಸ್‌ಎಸ್-10 (ಒತ್ತಡ ಅಳೆಯೋ 10 ಪ್ರಶ್ನಿಯ ಪ್ರಶ್ನಾವಳಿ) ಹಚ್ಚಿ, 30 ಮತ್ತ 30 ಮಂದಿ. ಇನ್ನೂ ಒಬ್ಬರದೂ ತುಂಬಿಸಿಲ್ಲ. ಶನಿವಾರ ಪ್ರಾಕ್ಟಿಕಲ್ ರೆಕಾರ್ಡ್ ಕೊಡೋದು ಅದ. ಅದರಾಗ ಮೂರು ಪ್ರಯೋಗದ ಡೇಟಾ ಬಾಕಿ: ಮುಲ್ಲರ್-ಲೈಯರ್ (ಗೆರಿ ಉದ್ದದ ಭ್ರಮೆ), ಮಿರರ್ ಡ್ರಾಯಿಂಗ್ (ಕನ್ನಡಿಯೊಳಗ ನೋಡಿ ನಕ್ಷತ್ರ ಬರೆಯೋದು), ಸ್ಪ್ಯಾನ್ ಆಫ್ ಅಟೆನ್ಶನ್ (ಒಂದೇ ನೋಟಕ್ಕ ಎಷ್ಟು ಚುಕ್ಕಿ ಹಿಡೀತಾರ ಅನ್ನೋದು).

ಬ್ಯಾಸಿಗಿ ಟೈಮಿಂಗ್ ಇರೋದ್ರಿಂದ ಲ್ಯಾಬ್ ಮುಂಜಾನಿ 8ರಿಂದ 1ರ ತನಕ ಅಷ್ಟ ತೆಗೀತಾರ. ಕ್ಲಾಸಿನಾಗ ಕೆಲವರು ‘ಹಳೆ ರೆಕಾರ್ಡ್ ನೋಡಿ ಅಂಕಿ ಹಾಕಿಬಿಡು’ ಅಂತಾರ. ಅದು ನನಗ ಬ್ಯಾಡ. ಖರೆ ಡೇಟಾನೇ ತಗೊಂಡು ಇಷ್ಟೆಲ್ಲಾ ಹೆಂಗ ಹೊಂದಿಸ್ಕೊಳ್ಲಿ? ಗೊತ್ತಿದ್ದವರು ಜರಾ ಬಿಡಿಸಿ ಹೇಳ್ರಿ.

ಉತ್ತರ 1: ಪ್ರಯೋಗಶಾಲೆ_585

ನಿಮ್ಮ ಪಟ್ಟಿಯಲ್ಲಿ ಎರಡು ಬಗೆಯ ಕೆಲಸಗಳಿವೆ. ಬೇರೆಯವರು ಇಲ್ಲದೆ ಆಗದವು ಒಂದು ಬಗೆ: ಲ್ಯಾಬ್, ಸಬ್ಜೆಕ್ಟ್ (ಪ್ರಯೋಗಕ್ಕೆ ಕೂರುವವರು), ಪ್ರಿನ್ಸಿಪಾಲರ ಅನುಮತಿ, ಗೈಡ್ ಸಹಿ, ಪ್ರಶ್ನಾವಳಿ ತುಂಬುವವರು. ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಒಬ್ಬರೇ ಕುಳಿತು ಮಾಡುವಂಥವು ಇನ್ನೊಂದು: ರೆಕಾರ್ಡ್ ಬರೆಯುವುದು, ಲೆಕ್ಕ, ಸ್ಲೈಡ್. ಮೊದಲ ಬಗೆಯದ್ದು ಸೋಮವಾರ ಮತ್ತು ಮಂಗಳವಾರದ ಬೆಳಗಿನಲ್ಲಿ ಮುಗಿಯಬೇಕು. ತಾರೀಖು ಯಾವುದರದ್ದು ಹತ್ತಿರವೋ ಅದನ್ನೇ ಮೊದಲು ಹಿಡಿದರೆ ಸೋಮ, ಮಂಗಳ ಎರಡೂ ದಿನ ಸ್ಟ್ಯಾಟಿಸ್ಟಿಕ್ಸ್ ಓದುತ್ತಾ ಕಳೆಯುತ್ತೀರಿ. ಗುರುವಾರ ಮಧ್ಯಾಹ್ನ ಲ್ಯಾಬ್ ಬಾಗಿಲಿಗೆ ಬೀಗ, ಸಬ್ಜೆಕ್ಟ್ ಆಗಬೇಕಾದವರು ಬಸ್ ಸ್ಟ್ಯಾಂಡಿನಲ್ಲಿ. ಈ ವಾರ ಕೆಡುವುದಿದ್ದರೆ ಅಲ್ಲಿ ಕೆಡುತ್ತದೆ.

ಬೇಸಿಗೆಯಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಹೊತ್ತು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದಿರುತ್ತದೆ. ಸಹಿ, ಮೊಹರು ಬೇಕಿದ್ದರೆ 11ರೊಳಗೆ ಹೋಗಿ. ಅನುಮತಿ ಪತ್ರವನ್ನು ಭಾನುವಾರ ರಾತ್ರಿಯೇ ಬರೆದು, ಸೋಮವಾರ ಕಾಲೇಜಿಗೆ ಕಾಲಿಟ್ಟ ಕೂಡಲೇ ಕೊಡಿ.

ಇನ್ನೊಂದು ಮಾತು. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬವರು ಪ್ರಬಂಧ ಬರೆಯುತ್ತಿದ್ದ ಮನೋವಿಜ್ಞಾನ ವಿದ್ಯಾರ್ಥಿಗಳನ್ನೇ ಕೇಳಿದ್ದರು: ಎಷ್ಟು ದಿನ ಹಿಡಿಯುತ್ತದೆ? ಅಂದಾಜಿನ ಸರಾಸರಿ 33.9 ದಿನ, ನಿಜವಾಗಿ ಹಿಡಿದದ್ದು 55.5 ದಿನ. ಒಂದು ಪ್ರಯೋಗ ಬರೆಯಲು ಒಂದು ಗಂಟೆ ಸಾಕು ಅನಿಸಿದರೆ ವೇಳಾಪಟ್ಟಿಯಲ್ಲಿ ಎರಡು ಗಂಟೆ ಇಡಿ. ಗ್ರಾಫ್ ಮತ್ತು ಚರ್ಚೆ, ಈ ಎರಡಕ್ಕೆ ಎಷ್ಟು ಹೊತ್ತು ಬೇಕು ಎಂಬುದು ಯಾರ ಅಂದಾಜಿಗೂ ಸಿಗುವುದಿಲ್ಲ.

ಈಗ ಪ್ರಯೋಗಗಳು. ಸೋಮವಾರ ಮುಲ್ಲರ್-ಲೈಯರ್ ಮತ್ತು ಸ್ಪ್ಯಾನ್, ಮಂಗಳವಾರ ಮಿರರ್ ಡ್ರಾಯಿಂಗ್.

ಮುಲ್ಲರ್-ಲೈಯರ್ ಭ್ರಮೆಗೆ ಸಾಮಾನ್ಯವಾಗಿ 40 ಪ್ರಯತ್ನಗಳು. ಸ್ಥಿರವಾದ ಸ್ಟ್ಯಾಂಡರ್ಡ್ ಗೆರೆಗೆ ಸಮ ಎನಿಸುವವರೆಗೆ ಇನ್ನೊಂದು ಗೆರೆಯನ್ನು ಸರಿಸುವುದು ಒಂದು ಪ್ರಯತ್ನ. ಸರಿಸುವ ಗೆರೆ ಬಲಕ್ಕಿದ್ದಾಗ 20, ಎಡಕ್ಕಿದ್ದಾಗ 20. ಪ್ರತಿ 20ರಲ್ಲಿ 10 ಹೊರಕ್ಕೆ, 10 ಒಳಕ್ಕೆ. ಹೊರಕ್ಕೆ ಎಂದರೆ ಎದ್ದುಕಾಣುವಷ್ಟು ಗಿಡ್ಡದಿಂದ ಆರಂಭಿಸಿ ಉದ್ದ ಮಾಡುತ್ತ ಹೋಗುವುದು, ಒಳಕ್ಕೆ ಎಂದರೆ ಅದರ ಉಲ್ಟಾ. ಆರಂಭದ ಜಾಗವನ್ನು ಪ್ರತಿ ಸಲ ಸ್ವಲ್ಪ ಬದಲಿಸಿ. ಇಲ್ಲದಿದ್ದರೆ ಸಬ್ಜೆಕ್ಟ್ ಗೆರೆಯ ಉದ್ದ ನೋಡುವುದು ಬಿಟ್ಟು, ಕೈ ಎಷ್ಟು ದೂರ ಸರಿಯಿತು ಎಂಬುದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಬೋರ್ಡಿನ ಹಿಂದಿನ ಸ್ಕೇಲ್ ಅವರ ಕಣ್ಣಿಗೆ ಬೀಳಬಾರದು. ‘ಸರಿ’, ‘ಹತ್ತಿರ ಬಂತು’ ಎಂದು ನೀವು ಬಾಯಿಬಿಡಲೂಬಾರದು. ಸೂಚನೆ ಕೊಟ್ಟು 40 ಪ್ರಯತ್ನ ಮುಗಿಸಲು ಸುಮಾರು ಅರ್ಧ ಗಂಟೆ ಬೇಕು.

ಲೆಕ್ಕಕ್ಕೆ ಒಂದು ಮಾದರಿ ಕೊಡುತ್ತೇನೆ. ಸ್ಟ್ಯಾಂಡರ್ಡ್ ಗೆರೆ 15 ಸೆಂ.ಮೀ. ನಾಲ್ಕು ಸರಾಸರಿಗಳು: ಬಲ-ಹೊರಕ್ಕೆ 12.6, ಬಲ-ಒಳಕ್ಕೆ 13.4, ಎಡ-ಹೊರಕ್ಕೆ 12.4, ಎಡ-ಒಳಕ್ಕೆ 13.2. ನಾಲ್ಕರ ಸರಾಸರಿ 12.9, ಇದೇ ಪಿಎಸ್‌ಇ, ಅಂದರೆ ಸಬ್ಜೆಕ್ಟ್‌ಗೆ ಎರಡೂ ಗೆರೆ ಸಮ ಎನಿಸುವ ಅಳತೆ. ಇದರಿಂದ 15 ಕಳೆದರೆ ಕಾನ್‌ಸ್ಟಂಟ್ ಎರರ್ −2.1 ಸೆಂ.ಮೀ., ಅಂದರೆ 14 ಶೇಕಡಾ ಭ್ರಮೆ. ಮೂವ್‌ಮೆಂಟ್ ಎರರ್‌ಗೆ (ಸರಿಸುವ ದಿಕ್ಕಿನಿಂದ ಬರುವ ತಪ್ಪು) ಒಳಕ್ಕೆಯ ಸರಾಸರಿ 13.3ರಿಂದ ಹೊರಕ್ಕೆಯ ಸರಾಸರಿ 12.5 ಕಳೆದು ಅರ್ಧ ಮಾಡಿ: 0.4. ಸ್ಪೇಸ್ ಎರರ್‌ಗೆ (ಗೆರೆ ಬಲಕ್ಕೋ ಎಡಕ್ಕೋ ಇರುವುದರಿಂದ ಬರುವ ತಪ್ಪು) ಬಲದ 13.0ರಿಂದ ಎಡದ 12.8 ಕಳೆದು ಅರ್ಧ ಮಾಡಿ: 0.1. ಯಾವುದರಿಂದ ಯಾವುದನ್ನು ಕಳೆಯಬೇಕು ಎನ್ನುವುದು ಒಂದೊಂದು ಮ್ಯಾನ್ಯುಯಲ್‌ನಲ್ಲಿ ಒಂದೊಂದು ರೀತಿ ಇರುತ್ತದೆ. ನಿಮ್ಮ ಕಾಲೇಜಿನ ರೂಢಿಯನ್ನೇ ಹಿಡಿಯಿರಿ, ಆದರೆ ಎಲ್ಲ ಸಬ್ಜೆಕ್ಟ್‌ಗಳಿಗೂ ಅದೇ ಇರಲಿ.

ಸ್ಪ್ಯಾನ್ ಆಫ್ ಅಟೆನ್ಶನ್‌ನಲ್ಲಿ ಟ್ಯಾಚಿಸ್ಟೋಸ್ಕೋಪಿನ (ಚುಕ್ಕಿಯ ಕಾರ್ಡನ್ನು ಕ್ಷಣಮಾತ್ರ ತೋರಿಸುವ ಉಪಕರಣ) ಶಟರ್ ಸಡಿಲವಾಗಿದೆಯೇ, ಅಂಟಿಕೊಳ್ಳುತ್ತಿದೆಯೇ ಎಂದು ಮೊದಲೇ ನೋಡಿ. ಕಾರ್ಡ್ ಕಾಣುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮಾತ್ರ. ಅದಕ್ಕಿಂತ ಹೆಚ್ಚು ಹೊತ್ತು ಕಂಡರೆ ಕಣ್ಣು ಚುಕ್ಕಿಯಿಂದ ಚುಕ್ಕಿಗೆ ಸರಿಯಲು ಸಮಯ ಸಿಗುತ್ತದೆ, ಸಬ್ಜೆಕ್ಟ್ ಎಣಿಸತೊಡಗುತ್ತಾರೆ. ಆಗ ನೀವು ಅಳೆಯುವುದು ಗಮನದ ವ್ಯಾಪ್ತಿಯನ್ನಲ್ಲ, ಎಣಿಕೆಯನ್ನು. ಪ್ರತಿ ಚುಕ್ಕಿ ಸಂಖ್ಯೆಯನ್ನು 10 ಸಲ, ಕಲಸಿದ ಕ್ರಮದಲ್ಲಿ ತೋರಿಸಿ. 3, 4, 5 ಎಂದು ಏರಿಸುತ್ತ ಹೋದರೆ ಮುಂದಿನ ಕಾರ್ಡ್ ಯಾವುದೆಂದು ನೋಡದೆಯೇ ಹೇಳಬಹುದು. ಸ್ಪ್ಯಾನ್ ಎಂದರೆ 50 ಶೇಕಡಾ ಸರಿಯುತ್ತರ ಬರುವ ಬಿಂದು. 6 ಚುಕ್ಕಿಗೆ 70 ಶೇಕಡಾ, 7ಕ್ಕೆ 40 ಶೇಕಡಾ ಬಂದಿದ್ದರೆ 50 ಎಂಬುದು ಇವೆರಡರ ನಡುವೆ ಇದೆ: 20ನ್ನು 30ರಿಂದ ಭಾಗಿಸಿ 6ಕ್ಕೆ ಕೂಡಿಸಿ, 6.67. ಬರೀ ‘6’ ಎಂದು ಬರೆದವರಿಗೆ ವೈವಾದಲ್ಲಿ ಪ್ರಶ್ನೆ ಖಚಿತ.

ಮಿರರ್ ಡ್ರಾಯಿಂಗ್‌ಗೆ ಒಬ್ಬರಲ್ಲ, ಇಬ್ಬರು ಸಬ್ಜೆಕ್ಟ್ ಬೇಕು. ಬಲಗೈ ರೂಢಿಯವರನ್ನೇ ಆರಿಸಿ. ಒಬ್ಬರಿಗೆ ಎಡಗೈಯಲ್ಲಿ ಒಂದು ಪರೀಕ್ಷೆ, ಬಲಗೈಯಲ್ಲಿ 10 ಅಭ್ಯಾಸ, ಮತ್ತೆ ಎಡಗೈಯಲ್ಲಿ ಒಂದು ಪರೀಕ್ಷೆ. ಇನ್ನೊಬ್ಬರಿಗೆ ಎಡಗೈ ಪರೀಕ್ಷೆ, ಅಷ್ಟೇ ಹೊತ್ತು ವಿಶ್ರಾಂತಿ, ಮತ್ತೆ ಎಡಗೈ ಪರೀಕ್ಷೆ. ಈ ಎರಡನೆಯವರನ್ನು ಬಿಡುವವರೇ ಹೆಚ್ಚು. ಬಿಟ್ಟರೆ ಎಡಗೈ ಸುಧಾರಿಸಿದ್ದು ಬಲಗೈ ಅಭ್ಯಾಸದಿಂದಲೋ, ಮೊದಲ ಸಲ ತಾನೇ ಮಾಡಿದ್ದರಿಂದಲೋ ಹೇಳಲಾಗದು. ಉದಾಹರಣೆಗೆ ಮೊದಲನೆಯವರು 180 ಸೆಕೆಂಡಿನಿಂದ 90ಕ್ಕೆ ಇಳಿದರೆ 50 ಶೇಕಡಾ ಉಳಿತಾಯ. ವಿಶ್ರಾಂತಿ ಪಡೆದವರೂ 160ರಿಂದ 128ಕ್ಕೆ ಇಳಿದಿದ್ದರೆ ಅದು 20 ಶೇಕಡಾ. ಇವೆರಡರ ನಡುವಿನ 30 ಶೇಕಡಾ ಅಂತರವನ್ನಷ್ಟೇ ವರ್ಗಾವಣೆಯ (ಒಂದು ಕೈಯ ಅಭ್ಯಾಸ ಇನ್ನೊಂದು ಕೈಗೆ ದಾಟುವುದು) ಲೆಕ್ಕಕ್ಕೆ ಹಾಕಬಹುದು.

ಪ್ರತಿ ಪ್ರಯತ್ನಕ್ಕೂ ಹೊಸ ನಕ್ಷತ್ರದ ಹಾಳೆ, ಅದೇ ಆರಂಭ ಬಿಂದು, ಅದೇ ದಿಕ್ಕು. ಎರಡು ಗೆರೆಗಳ ಆಚೆ ಪೆನ್ಸಿಲ್ ಹೋದರೆ ಒಂದು ತಪ್ಪು, ಮರಳಿ ಒಳಗೆ ಬಂದು ಮತ್ತೆ ಹೋದರೆ ಇನ್ನೊಂದು. ಪರದೆ ಸರಿಯಾಗಿ ಕೂತಿದೆಯೇ ಎಂದು ಸಬ್ಜೆಕ್ಟ್ ಕುರ್ಚಿಯಲ್ಲಿ ನೀವೇ ಕುಳಿತು ನೋಡಿ. ಎತ್ತರದವರು ತಲೆ ಸ್ವಲ್ಪ ಎತ್ತಿದರೂ ಕೈ ನೇರವಾಗಿ ಕಾಣುತ್ತದೆ, ಆಗ ಕನ್ನಡಿ ಇದ್ದೂ ಇಲ್ಲದಂತೆ. ಇಬ್ಬರಿಗೂ ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಮೂರೂ ಪ್ರಯೋಗಗಳನ್ನು 11 ಗಂಟೆಯೊಳಗೆ ಮುಗಿಸಿ. 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ಬೆವರಿದ ಕೈಗೆ ಪೆನ್ಸಿಲ್ ಜಾರುತ್ತದೆ, ಸಬ್ಜೆಕ್ಟ್ ಬೇಗ ಬೇಸರಪಡುತ್ತಾರೆ. ಕೂಲರ್ ಓಡುತ್ತಿದ್ದರೆ ಹಾಳೆ ಹಾರದಂತೆ ಕ್ಲಿಪ್ ಹಾಕಿ, ಸೂಚನೆಯನ್ನು ಎದುರು ಕುಳಿತು ಗಟ್ಟಿಯಾಗಿ ಹೇಳಿ.

ಹಳೆಯ ರೆಕಾರ್ಡಿನಿಂದ ಅಂಕಿ ಎತ್ತುವುದು ಬೇಡ ಎಂದಿದ್ದೀರಿ, ಅದೇ ಸರಿ. ಬರೆದು ಕೂಡಿಸಿದ ಅಂಕಿಗಳು ತಾವಾಗಿಯೇ ಗೊತ್ತಾಗುತ್ತವೆ: ಎಲ್ಲ ರೀಡಿಂಗೂ 0 ಅಥವಾ 5ರಲ್ಲಿ ಮುಗಿಯುತ್ತವೆ, ಕಲಿಕೆಯ ಗೆರೆ ಎಲ್ಲೂ ಏರದೆ ಸಲೀಸಾಗಿ ಇಳಿಯುತ್ತದೆ. ನಿಜವಾದ ಅಭ್ಯಾಸದಲ್ಲಿ ನಡುವೆ ಒಂದೆರಡು ಪ್ರಯತ್ನ ಕೆಡದೆ ಇರುವುದು ಅಪರೂಪ. ಕಚ್ಚಾ ಡೇಟಾ ಹಾಳೆಗೆ ಅಂದೇ ದಿನಾಂಕ ಹಾಕಿ ಲ್ಯಾಬ್‌ನಲ್ಲಿರುವವರ ಸಹಿ ತೆಗೆದುಕೊಳ್ಳಿ. ಸಬ್ಜೆಕ್ಟ್ ಎದ್ದು ಹೋಗುವ ಮುಂಚೆ ಅವರಿಗೆ ಏನನಿಸಿತು ಎಂಬುದನ್ನು ಅವರ ಮಾತಿನಲ್ಲೇ ಮೂರ್ನಾಲ್ಕು ಸಾಲು ಬರೆದುಕೊಳ್ಳಿ. ಅಂತರ್ವೀಕ್ಷಣಾ ವರದಿಯನ್ನು ಶುಕ್ರವಾರ ರಾತ್ರಿ ಕುಳಿತು ಊಹಿಸಿ ಬರೆಯಲು ಬರುವುದಿಲ್ಲ.

ಉತ್ತರ 2: ಬೀದರ್_ಅಕ್ಕ

ತಂಗಿ, ಮ್ಯಾಲಿನವರು ಪ್ರಯೋಗದ ಬಗ್ಗೆ ಎಲ್ಲಾ ಹೇಳ್ಯಾರ. ನಾ ಸರ್ವೆ ಅಷ್ಟ ಹೇಳ್ತೀನಿ, ಯಾಕಂದ್ರ ನಿನ್ನ ವಾರದಾಗ ಕೈ ಕೊಡೋದು ಅದೇ.

ಗೂಗಲ್ ಫಾರ್ಮ್ ಲಿಂಕ್ ಕಳಿಸಿ ಕುಂದ್ರಬ್ಯಾಡ. ವಾಟ್ಸಾಪಿನಾಗ ಹಾಕಿದ್ರ ಹಾಸ್ಟೆಲ್ ಗೆಳತ್ಯಾರು ಹತ್ತು ನಿಮಿಷದಾಗ ತುಂಬ್ತಾರ, ಊರಿಂದ ಬರೋರು ತುಂಬಂಗಿಲ್ಲ. ಕಡೀಕ 45 ಮತ್ತ 15 ಆಗ್ತದ, ಹೋಲಿಕೆ ಕೆಟ್ಟು ಹೋಗ್ತದ. ಕಾಗದದ ಮ್ಯಾಲೇ ಮಾಡು. ಪ್ರಿನ್ಸಿಪಾಲರ ಪರವಾನಗಿ ಸಿಕ್ಕ ಮ್ಯಾಲ ಒಂದು ಖಾಲಿ ಕ್ಲಾಸ್‌ರೂಮ್ ಕೇಳು, 15 ಮಂದಿಯ ಗುಂಪು ಕೂಡಿಸು. ತಿಳಿಸಿ ಹೇಳಿ, ಒಪ್ಪಿಗಿ ತಗೊಂಡು, ತುಂಬಿಸಿ ಮುಗಿಸಲಿಕ್ಕ 20 ನಿಮಿಷ ಬೇಕು. ನಾಕು ಗುಂಪು ಅಂದ್ರ ನಿನ್ನ 60 ಮಂದಿ. ಆದ್ರ 70 ಜೆರಾಕ್ಸ್ ಮಾಡಿಸು, ಅರ್ಧಾ ತುಂಬಿ ಬಿಟ್ಟವು ಬಂದೇ ಬರ್ತಾವ.

ಊರಿಂದ ಬರೋರನ್ನ ಮೊದಲು ಹಿಡಿ. ಆಳಂದ, ಜೇವರ್ಗಿ, ಸೇಡಂ, ಚಿತ್ತಾಪುರ ಕಡಿಂದ ಬಸ್ಸಿಗೆ ಬರೋರು, ಶಹಾಬಾದ್, ವಾಡಿ ಕಡಿಂದ ರೈಲಿಗೆ ಬರೋರು ಕ್ಲಾಸ್ ಮುಗಿದ ಮ್ಯಾಲ ಒಂದು ನಿಮಿಷ ನಿಲ್ಲಂಗಿಲ್ಲ. ನಿಂತರೂ ಗಾಡಿ ತಪ್ಪೀತು ಅಂತ ಗಡಿಬಿಡಿಯಾಗ ಗುರುತು ಹಾಕ್ತಾರ. ಅವರ ಒತ್ತಡದ ಅಂಕಿ ಆ ಗಡಿಬಿಡಿಯಿಂದಲೇ ಏರಿದ್ರ ನಿನ್ನ ಯೋಜನಾಕ ಅರ್ಥ ಏನು ಉಳೀತು? ಮಂಗಳವಾರ ಎರಡು ಪೀರಿಯಡ್ ನಡುವಿನ ಹೊತ್ತು, ಪಾಠ ಮಾಡೋ ಮೇಡಂ ಅಥವಾ ಸರ್‌ನ ಮೊದಲೇ ಕೇಳಿಕೊಂಡು ಅವರದೇ ಪೀರಿಯಡ್‌ನ ಕಡೀ 20 ನಿಮಿಷ, ಇಷ್ಟ ನಿನಗ ದಾರಿ. ಹಾಸ್ಟೆಲ್‌ನವರದು ಬುಧವಾರ ಇಂಟರ್ನಲ್ ಮುಗಿದ ಮ್ಯಾಲ ತಗೊಂಡ್ರೂ ನಡೀತದ ಅನಿಸ್ತದ. ಹಂಗ ಮಾಡಬ್ಯಾಡ. ಒಂದು ಗುಂಪಿನದು ಪರೀಕ್ಷಾದ ಮುಂದ, ಇನ್ನೊಂದರದು ಪರೀಕ್ಷಾದ ಹಿಂದ ಆದ್ರ ಅದು ಹಾಸ್ಟೆಲ್-ಊರಿನ ಹೋಲಿಕೆ ಉಳಿಯಂಗಿಲ್ಲ. ಪಿಎಸ್‌ಎಸ್ ಹಿಂದಿನ ಒಂದು ತಿಂಗಳ ಬಗ್ಗೆ ಕೇಳ್ತದ ಖರೆ, ಆದ್ರ ಮಂದಿ ಇವತ್ತಿನ ಮನಸ್ಸಿನ ಮ್ಯಾಲೇ ಉತ್ತರ ಕೊಡ್ತಾರ. ಎರಡೂ ಗುಂಪು ಮಂಗಳವಾರವೇ ಮುಗಿಸು, ಸಂಜಿಕ ಹಾಸ್ಟೆಲ್ ಹಾಲಿನಾಗ ಉಳಿದವರನ್ನ ಕೂಡಿಸು.

ಹೆಸರು ಬರಸಬ್ಯಾಡ. ಹಾ-01, ಹಾ-02, ಊ-01, ಹಿಂಗ ನಂಬರ್ ಹಾಕು. ಒಪ್ಪಿಗಿ ಹಾಳಿ ಬ್ಯಾರೇನೇ ಇರಲಿ, ಪ್ರಶ್ನಾವಳಿ ಜೊತಿ ಪಿನ್ ಹೊಡೀಬ್ಯಾಡ. ಮೊದಲನೇ ಸೆಮಿಸ್ಟರಿನವರೊಳಗ ಯಾರಿಗಾದ್ರೂ 18 ತುಂಬಿರಂಗಿಲ್ಲ. ತಂದಿ-ತಾಯಿ ಒಪ್ಪಿಗಿ ತರಲಿಕ್ಕ ನಿನಗ ಈ ವಾರ ಆಗಂಗಿಲ್ಲ, ಅದಕ್ಕ ಮೇಲಿನ ಸೆಮಿಸ್ಟರಿನವರನ್ನಷ್ಟ ತಗೋ. ಹಾಳಿ ವಾಪಸ್ ತಗೊಳ್ಳುವಾಗ 10 ಸಾಲೂ ತುಂಬ್ಯಾವೇನು ಅಂತ ಅಲ್ಲೇ ನೋಡು. ಆಮ್ಯಾಲ ಯಾರ ಹಾಳಿ ಯಾವುದು ಅಂತ ಹುಡುಕಲಿಕ್ಕ ಆಗಂಗಿಲ್ಲ.

ಅಂಕ ಹಾಕೋದು ಗಮನ ಇಟ್ಟು ಮಾಡು. ಪ್ರತಿ ಪ್ರಶ್ನಿಗೆ 0ಯಿಂದ 4, ಒಟ್ಟು 0ಯಿಂದ 40. 4, 5, 7, 8ನೇ ಪ್ರಶ್ನಿಗಳು ಉಲ್ಟಾ: 0 ಇದ್ದರ 4, 1 ಇದ್ದರ 3, 2 ಹಂಗೇ, 3 ಇದ್ದರ 1, 4 ಇದ್ದರ 0. ಎಕ್ಸೆಲ್‌ನಾಗ ಮೊದಲು ಮೂಲ ಅಂಕಿ ಹಂಗೇ ಹೊಡಿ, ಪಕ್ಕದ ಕಾಲಮಿನಾಗ ‘4ರಿಂದ ಕಳಿ’ ಅಂತ ಸೂತ್ರ ಹಾಕು. ಹೊಡೀವಾಗಲೇ ತಲಿಯೊಳಗ ತಿರುವಿ ಹಾಕಿದ್ರ ಮೂವತ್ತನೇ ಹಾಳಿಗೆ ಯಾವುದು ತಿರುವಿದ್ದೆ, ಯಾವುದು ಬಿಟ್ಟೆ ಗೊತ್ತಾಗಂಗಿಲ್ಲ. ಸೂತ್ರ ಸರಿ ಅದನೇನು ನೋಡಲಿಕ್ಕ ಒಂದು ಸುಳ್ಳು ಸಾಲು ಹಾಕಿ ನೋಡು: ಹತ್ತಕ್ಕೂ 4 ಹಾಕಿದ್ರ ಮೊತ್ತ 24 ಬರಬೇಕು. 40 ಬಂತಂದ್ರ ತಿರುವಿಲ್ಲ ಅಂತ ಅರ್ಥ. ನೋಡಿದ ಮ್ಯಾಲ ಆ ಸಾಲು ಅಳಿಸಲಿಕ್ಕ ಮರೀಬ್ಯಾಡ.

ಸಾಮಾಜಿಕ-ಆರ್ಥಿಕ ಸ್ಥಿತಿಯದೂ ಒಂದು ಮಾಪನ ಸೇರಸ್ಬೇಕು ಅಂತ ಯಾರಾದ್ರೂ ಹೇಳಬಹುದು. ಕುಪ್ಪುಸ್ವಾಮಿ ಮಾಪನ ಶಹರದ ಮನಿತನಕ್ಕ ಮಾಡಿದ್ದು. ಶಿಕ್ಷಣಕ್ಕ 7, ಉದ್ಯೋಗಕ್ಕ 10, ಆದಾಯಕ್ಕ 12, ಒಟ್ಟು 29 ಅಂಕ, ಮತ್ತ ಆದಾಯದ ಹಂತಗಳನ್ನ ಬೆಲೆ ಸೂಚ್ಯಂಕದ ಪ್ರಕಾರ ಆಗಾಗ ತಿದ್ದಬೇಕಾಗ್ತದ. ಹೊಲಾ ಇದ್ದವರ ಮನಿಗೆ ಅದು ಹೊಂದಂಗಿಲ್ಲ. ಹಳ್ಳಿಗೆ ಉದಯ್ ಪಾರೀಕರ 1964ರ ಮಾಪನ ಅದ, ಅದರಾಗ ಹೊಲ, ಮನಿ, ಎತ್ತು, ಎಲ್ಲಾ ಲೆಕ್ಕಕ್ಕ ಬರ್ತದ. ನಿನ್ನ ಎರಡು ಗುಂಪಿನಾಗೂ ಹಳ್ಳಿಯವರು, ಶಹರದವರು ಕೂಡೇ ಇರ್ತಾರ. ಒಂದೇ ವಾರದಾಗ ಇದನ್ನೆಲ್ಲಾ ತಲಿಮ್ಯಾಲ ಹಾಕ್ಕೋಬ್ಯಾಡ. ಊರು, ದಿನಾ ಪ್ರಯಾಣಕ್ಕ ಎಷ್ಟು ಹೊತ್ತು ಬೇಕು, ಇವೆರಡು ಕೇಳಿದ್ರ ಸಾಕು.

ಉತ್ತರ 3: ತೊಗರಿ_ಕಣಜ

ಇಂಟರ್ನಲ್ ಮತ್ತು ಸೆಮಿನಾರ್ ಬಗ್ಗೆ.

ಸ್ಟ್ಯಾಟಿಸ್ಟಿಕ್ಸ್‌ಗೆ ಸೋಮವಾರ, ಮಂಗಳವಾರ ರಾತ್ರಿ ಒಂದೂವರೆ ಗಂಟೆಯಂತೆ ಸಾಕು, ಆದರೆ ಪುಸ್ತಕ ಮುಚ್ಚಿ ಲೆಕ್ಕ ಮಾಡಬೇಕು. ಬಿಡಿಸಿದ ಲೆಕ್ಕವನ್ನು ಓದುತ್ತ ಹೋದರೆ ಎಲ್ಲ ತಿಳಿದಂತೆ ಅನಿಸುತ್ತದೆ, ಬುಧವಾರ ಖಾಲಿ ಹಾಳೆ ಎದುರು ಬಂದಾಗ ಎರಡನೇ ಹೆಜ್ಜೆ ಹೊಳೆಯುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನೇ ತೋರಿಸಿದ್ದು: ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದು, ವಾರದ ನಂತರ ಕೇಳಿದರೆ ನೋಡದೆ ನೆನಪಿಸಿಕೊಂಡು ಬರೆದವರು ಮುಂದು.

ಅಂಕ ಹೋಗುವ ಜಾಗಗಳು ಇವು. ಮೀಡಿಯನ್‌ನಲ್ಲಿ ವರ್ಗಾಂತರದ ನಿಖರ ಕೆಳಮಿತಿ ತೆಗೆದುಕೊಳ್ಳಬೇಕು. 20–24 ವರ್ಗಕ್ಕೆ ಅದು 19.5, 20 ಅಲ್ಲ. ಆ ವರ್ಗದ ಅಗಲ 5, 24ರಿಂದ 20 ಕಳೆದು 4 ಎಂದು ಬರೆಯುವವರು ಬಹಳ. ಸಂಚಿತ ಆವೃತ್ತಿಯಲ್ಲಿ ಮೀಡಿಯನ್ ವರ್ಗದ ಕೆಳಗಿನದ್ದನ್ನು ಹಾಕಬೇಕು, ಅದೇ ವರ್ಗದ್ದನ್ನಲ್ಲ. ಎಸ್‌ಡಿಯಲ್ಲಿ ವಿಚಲನೆಗಳನ್ನು (ಸರಾಸರಿಯಿಂದ ಇರುವ ವ್ಯತ್ಯಾಸಗಳು) ವರ್ಗ (ಸ್ಕ್ವೇರ್) ಮಾಡುವ ಮೊದಲು ಕೂಡಿಸಿ ನೋಡಿ, ಮೊತ್ತ ಸೊನ್ನೆ ಬರಲೇಬೇಕು. ದಶಮಾಂಶ ಕತ್ತರಿಸಿದ್ದರೆ ಸೊನ್ನೆಯ ಹತ್ತಿರ ಬಂದರೂ ಸರಿ.

ರ್ಯಾಂಕ್ ಕೋರಿಲೇಶನ್‌ನಲ್ಲಿ ಇಬ್ಬರಿಗೆ ಒಂದೇ ಅಂಕ ಬಂದು 3 ಮತ್ತು 4ನೇ ಸ್ಥಾನ ಹಂಚಿಕೊಂಡರೆ ಇಬ್ಬರಿಗೂ 3.5, ಮುಂದಿನವರಿಗೆ 5. ಅಲ್ಲಿ 4 ಬರೆದರೆ ಮುಂದಿನ ಎಲ್ಲ ರ್ಯಾಂಕೂ ಕೆಡುತ್ತವೆ. ಪರೀಕ್ಷಿಸುವುದು ಸುಲಭ: 10 ಜನರಿದ್ದರೆ ರ್ಯಾಂಕುಗಳ ಮೊತ್ತ 55, ವ್ಯತ್ಯಾಸಗಳ ಮೊತ್ತ ಸೊನ್ನೆ. ವ್ಯತ್ಯಾಸಗಳ ವರ್ಗಗಳ ಮೊತ್ತ 48 ಬಂದರೆ 6 ಗುಣಿಸು 48, 288. ಕೆಳಗೆ 10 ಗುಣಿಸು 99, 990. ಭಾಗಿಸಿದರೆ 0.291. ಉತ್ತರ 0.291 ಅಲ್ಲ, ಅದನ್ನು 1ರಿಂದ ಕಳೆಯಬೇಕು, 0.709. ಆ ‘1ರಿಂದ ಕಳೆ’ ಎಂಬುದನ್ನು ಕೊನೆಯ ಸಾಲಲ್ಲಿ ಮರೆಯುವವರಿಗೆ ಲೆಕ್ಕವಿಲ್ಲ.

ಸೆಮಿನಾರ್: 12 ನಿಮಿಷ ಮಾತು, 3 ನಿಮಿಷ ಪ್ರಶ್ನೆ, 8 ಸ್ಲೈಡ್ ಮೀರಬೇಡಿ. ಕರೆಂಟ್ ಹೋದರೆ ನಿಲ್ಲದಂತೆ ಎಬ್ಬಿಂಗ್‌ಹೌಸ್ ಅವರ ಮರೆವಿನ ರೇಖೆಯನ್ನು ಬೋರ್ಡಿನ ಮೇಲೆ ಬರೆಯಲು ಕಲಿತಿರಿ: 20 ನಿಮಿಷಕ್ಕೆ 58 ಶೇಕಡಾ, 1 ಗಂಟೆಗೆ 44, ಒಂದು ದಿನಕ್ಕೆ 34, ಆರು ದಿನಕ್ಕೆ 25, 31 ದಿನಕ್ಕೆ 21. ಇವು 1885ರ ಅಂಕಿಗಳು, ಸಬ್ಜೆಕ್ಟ್ ಅವರೊಬ್ಬರೇ. ಇಲ್ಲಿ ಎಲ್ಲರೂ ಎಡವುವುದು ಒಂದು ಕಡೆ. ಈ ಶೇಕಡಾಗಳು ‘ನೆನಪಿನಲ್ಲಿ ಉಳಿದ ಪದಗಳು’ ಅಲ್ಲ, ಮರುಕಲಿಕೆಯಲ್ಲಿ ಆದ ಉಳಿತಾಯ. ಒಂದು ದಿನದ ನಂತರ ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಮೊದಲಿಗಿಂತ 34 ಶೇಕಡಾ ಕಡಿಮೆ ಸಮಯ ಸಾಕಾಯಿತು ಎಂದರ್ಥ. ‘ಮನುಷ್ಯ ಒಂದು ದಿನದಲ್ಲಿ 66 ಶೇಕಡಾ ಮರೆಯುತ್ತಾನೆ’ ಎಂದು ಸ್ಲೈಡ್ ಹಾಕಬೇಡಿ. ಅರ್ಥವಿಲ್ಲದ ಅಕ್ಷರಗುಚ್ಛಗಳಿಗೆ ಬಂದ ಅಂಕಿಯನ್ನು ಅರ್ಥವಿರುವ ಪಾಠಕ್ಕೆ ಹಚ್ಚಲೂ ಬರುವುದಿಲ್ಲ. ಇಷ್ಟನ್ನು ಸ್ಪಷ್ಟವಾಗಿ ಹೇಳಿದರೆ ಉಳಿದದ್ದು ಸರಳ: ಅಡಚಣೆಯ ಎರಡು ಬಗೆ (ಹಳೆಯ ಕಲಿಕೆ ಹೊಸದಕ್ಕೆ, ಹೊಸದು ಹಳೆಯದಕ್ಕೆ ಅಡ್ಡ ಬರುವುದು), ಸುಳಿವು ಸಿಗದೆ ಆಗುವ ಮರೆವು, ಒಂದೊಂದು ಉದಾಹರಣೆ.

ಬಿಸಿಲೂರ_ಹುಡುಗಿ

ಎಲ್ಲಾರಿಗೂ ಭಾಳ ಧನ್ಯವಾದ್ರಿ. ಸೋಮವಾರದ್ದು ಆತು, ಸ್ಪ್ಯಾನ್ 6.5 ಬಂತು. ಮುಲ್ಲರ್-ಲೈಯರ್‌ನಾಗ ಮಾತ್ರ ಸ್ಟ್ಯಾಂಡರ್ಡ್ 15, ಸರಾಸರಿ 16.8 ಬಂದದ. ಕಾನ್‌ಸ್ಟಂಟ್ ಎರರ್ +1.8. ಪುಸ್ತಕದಾಗ ಮೈನಸ್ ಬರಬೇಕು ಅಂತ ಅದ. ಮತ್ತ ತಗೋಬೇಕೇನ್ರಿ?

ಅಕ್ಕಾ, ಇನ್ನೊಂದು ಕೇಳೋದದ. ಇವತ್ತು ಸುಮ್ನ ನೋಡಲಿಕ್ಕ ಅಂತ ನಾಕು ಮಂದಿಗೆ ಪಿಎಸ್‌ಎಸ್ ಕೊಟ್ಟಿದ್ದೆ. ಒಬ್ಬಾಕಿಗೆ 34 ಬಂದದ. ‘ನನಗ ಏನಾಗ್ಯದ, ಹೇಳು’ ಅಂತ ಕೇಳ್ತಾಳ. ಏನು ಹೇಳ್ಲಿ?

ಪ್ರಯೋಗಶಾಲೆ_585

ಈಗಲೇ ಮತ್ತೆ ತೆಗೆದುಕೊಳ್ಳಬೇಡಿ, ಮೊದಲು 40 ರೀಡಿಂಗ್‌ಗಳನ್ನೂ ನೋಡಿ. ನಲವತ್ತೂ 15ಕ್ಕಿಂತ ಮೇಲಿದ್ದರೆ ಕಾರಣ ಬೋರ್ಡಿನಲ್ಲಿ ಅಥವಾ ಓದಿದ ರೀತಿಯಲ್ಲಿದೆ. ಅಲ್ಲಲ್ಲಿ ಮೇಲೆ, ಅಲ್ಲಲ್ಲಿ ಕೆಳಗೆ ಇದ್ದರೆ ಸಬ್ಜೆಕ್ಟ್ ಕಡೆ ನೋಡಬೇಕು.

ಬೋರ್ಡಿನಲ್ಲಿ ಬಾಣದ ತಲೆ ಇರುವ ಗೆರೆ ಸ್ಟ್ಯಾಂಡರ್ಡ್ ಆಗಿದ್ದು, ಗರಿ ಹೊರಚಾಚಿದ ಗೆರೆ ಸರಿಯುವಂಥದ್ದಾದರೆ ಮೈನಸ್ ಬರುತ್ತದೆ. ಗರಿಯ ಗೆರೆ ಇರುವುದಕ್ಕಿಂತ ಉದ್ದ ಕಾಣುವುದರಿಂದ ಅದನ್ನು ಗಿಡ್ಡದಲ್ಲೇ ನಿಲ್ಲಿಸುತ್ತಾರೆ. ಕೆಲವು ಬೋರ್ಡುಗಳಲ್ಲಿ ಇದು ತಿರುಗಿರುತ್ತದೆ: ಗರಿಯ ಗೆರೆ ಸ್ಥಿರ, ಬಾಣದ ಗೆರೆ ಸರಿಯುತ್ತದೆ. ಅಲ್ಲಿ ಪ್ಲಸ್ ಬರುವುದೇ ಸರಿ, ಅದೇ ಭ್ರಮೆ. ನಿಮ್ಮದು ಹಾಗಿದ್ದರೆ ಡೇಟಾಕ್ಕೆ ಏನೂ ಆಗಿಲ್ಲ. ಸಾಮಗ್ರಿ ವಿವರಣೆಯಲ್ಲಿ ಯಾವುದು ಸ್ಟ್ಯಾಂಡರ್ಡ್ ಎಂದು ಚಿತ್ರ ಸಮೇತ ಬರೆದು, ಚರ್ಚೆಯಲ್ಲಿ ಚಿಹ್ನೆಯ ಕಾರಣ ಕೊಡಿ.

ಬೋರ್ಡು ಮೊದಲ ಬಗೆಯದ್ದೇ ಆಗಿದ್ದರೆ ಗೆರೆಯನ್ನು ಯಾವುದೋ ಅಳತೆಗೆ ನಿಲ್ಲಿಸಿ ಮುಂಭಾಗದಲ್ಲಿ ಸಾದಾ ಸ್ಕೇಲಿನಿಂದ ಅಳೆಯಿರಿ. ಹಿಂದಿನ ಸ್ಕೇಲೂ ಅದನ್ನೇ ತೋರಿಸಬೇಕು. ಪಟ್ಟಿ ಸಡಿಲವಾಗಿ ಸೊನ್ನೆ ಜರುಗಿದ್ದರೆ ಎಲ್ಲ ರೀಡಿಂಗೂ ಒಂದೇ ಅಳತೆಯಷ್ಟು ಏರಿರುತ್ತವೆ. ಅಷ್ಟನ್ನೇ ಎಲ್ಲದರಿಂದ ಕಳೆದು, ಕಳೆದದ್ದನ್ನು ರೆಕಾರ್ಡಿನಲ್ಲಿ ನಮೂದಿಸಿ.

ಸಬ್ಜೆಕ್ಟ್ ನಿಮ್ಮ ಕ್ಲಾಸಿನವರೇ ಆಗಿದ್ದರೆ ಇನ್ನೊಂದು ಸಾಧ್ಯತೆಯಿದೆ. ಭ್ರಮೆ ಗೊತ್ತಿದೆ ಎಂದ ಮಾತ್ರಕ್ಕೆ ಅದು ಹೋಗುವುದಿಲ್ಲ, ಆದರೆ ಗೊತ್ತಿದ್ದವರು ಬೇಕೆಂದೇ ಉದ್ದ ಮಾಡಿ ನಿಲ್ಲಿಸುತ್ತಾರೆ. ಅಂತರ್ವೀಕ್ಷಣಾ ವರದಿಯಲ್ಲಿ ಅದು ಸಿಗುತ್ತದೆ. ಹಾಗಿದ್ದರೆ ಮಾತ್ರ ಹಿಸ್ಟರಿಯದೋ ಕನ್ನಡದ್ದೋ ವಿದ್ಯಾರ್ಥಿಯನ್ನು ಕರೆದು ನಾಳೆ 8 ಗಂಟೆಗೆ ಮತ್ತೆ ತೆಗೆದುಕೊಳ್ಳಿ.

ಬೀದರ್_ಅಕ್ಕ

ತಂಗಿ, ಆಕಿಗೆ ನಂಬರ್ ಹಿಡಿದು ಏನೂ ಹೇಳಬ್ಯಾಡ. ಪಿಎಸ್‌ಎಸ್ ರೋಗ ಗುರುತಿಸೋ ಪರೀಕ್ಷೆ ಅಲ್ಲ, ಹೋದ ತಿಂಗಳು ಆಕಿಗೆ ಬದುಕು ಎಷ್ಟು ಕೈ ಮೀರಿದಂಗ ಅನಿಸ್ತು ಅನ್ನೋದಷ್ಟ ಅಳೀತದ. ‘ಇದರಿಂದ ನಿನಗ ಇಂಥಾದ್ದು ಆಗ್ಯದ ಅಂತ ಹೇಳಲಿಕ್ಕ ಬರಂಗಿಲ್ಲ’ ಅಂತ ಸ್ಪಷ್ಟ ಹೇಳು. ಆದ್ರ ಅಲ್ಲಿಗೇ ಬಿಡಬ್ಯಾಡ. ಆಕಿ ತಾನಾಗೇ ಕೇಳ್ಯಾಳ ಅಂದ್ರ ಏನೋ ಹೇಳೋದದ. ಹತ್ತು ನಿಮಿಷ ಕುಂತು ಕೇಳು, ಉಪದೇಶ ಮಾಡಬ್ಯಾಡ. ನಿದ್ದಿ ಇಲ್ಲ, ಊಟ ಬಿಟ್ಟಾಳ, ಜೀವಾ ಬ್ಯಾಡ ಅನಿಸ್ತದ ಅಂತೇನಾದ್ರೂ ಅಂದ್ರ ಆಕಿನ್ನ ಒಬ್ಬಾಕಿನ್ನೇ ಬಿಡಬ್ಯಾಡ, ಅವತ್ತೇ ಗೈಡ್ ಮೇಡಂ, ವಾರ್ಡನ್ ಇಬ್ಬರಿಗೂ ತಿಳಿಸು. ಟೆಲಿ ಮಾನಸ್ 14416 ನಂಬರ್ ಕೊಡು. 2022ರ ಅಕ್ಟೋಬರಿನಿಂದ ನಡೀಲಿಕ್ಕತ್ತದ, ದಿನದ 24 ತಾಸೂ ಸಿಗ್ತದ, ದುಡ್ಡು ಬೀಳಂಗಿಲ್ಲ, ಕನ್ನಡದಾಗೇ ಮಾತಾಡ್ತಾರ. ನಾಳಿ ಕೊಡೋ ಎಲ್ಲಾ ಹಾಳಿ ಕೆಳಗೂ ಆ ನಂಬರ್ ಹಾಕು. ಇವತ್ತಿನ ನಾಕು ಮಂದಿ ಹಾಳಿ ಬ್ಯಾರೆ ಇಡು, 60ರೊಳಗ ಸೇರಿಸಬ್ಯಾಡ.

ಶುಕ್ರವಾರದ ಟೇಬಲ್‌ಗೆ ನಾಕೇ ಸಾಕು: ಪ್ರತಿ ಗುಂಪಿನ ಸಂಖ್ಯೆ, ಮೀನ್, ಎಸ್‌ಡಿ, ಮತ್ತ ಟಿ ಬೆಲೆ (ಎರಡು ಮೀನ್ ನಡುವಿನ ವ್ಯತ್ಯಾಸ ಪರೀಕ್ಷೆ ಮಾಡೋ ಅಂಕಿ). 30 ಮತ್ತ 30 ಇದ್ದರ ಸ್ವಾತಂತ್ರ್ಯ ಶ್ರೇಣಿ (ಡಿಗ್ರೀಸ್ ಆಫ್ ಫ್ರೀಡಂ) 58. 0.05 ಮಟ್ಟಕ್ಕ ಟಿ 2.00 ದಾಟಬೇಕು, 0.01ಕ್ಕ 2.66. ದಾಟಲಿಲ್ಲ ಅಂದ್ರ ಗಾಬರಿ ಆಗಬ್ಯಾಡ, ಅಂಕಿ ತಿದ್ದಲಿಕ್ಕಂತೂ ಹೋಗಲೇಬ್ಯಾಡ. ‘ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ’ ಅಂತ ಬರಿ. ‘ವ್ಯತ್ಯಾಸ ಇಲ್ಲ’ ಅಂತ ಬರೀಬ್ಯಾಡ, 60 ಮಂದಿ ಮ್ಯಾಲ ಅಷ್ಟು ಹೇಳಲಿಕ್ಕ ಬರಂಗಿಲ್ಲ. ಆಮ್ಯಾಲ ಊರಿಂದ ಬರೋರೊಳಗ ಪ್ರಯಾಣದ ಹೊತ್ತು ಮತ್ತ ಅಂಕ, ಇವೆರಡರ ರ್ಯಾಂಕ್ ಕೋರಿಲೇಶನ್ ತಗದು ನೋಡು. ಇಂಟರ್ನಲ್‌ಗೆ ಓದಿದ್ದೇ ಸೂತ್ರ, 30 ಮಂದಿ, ರ್ಯಾಂಕಿನ ಮೊತ್ತ 465 ಬರಬೇಕು. ಪ್ರಯಾಣದ ಹೊತ್ತು ‘ಒಂದು ತಾಸು’ ಅಂತ ಭಾಳ ಮಂದಿ ಬರೀತಾರ, ಒಂದೇ ರ್ಯಾಂಕ್ ಹತ್ತು ಮಂದಿಗೆ ಬರ್ತದ. ಅದಕ್ಕ ನಾಳಿ ಹಾಳಿಯೊಳಗ ತಾಸು ಅಲ್ಲ, ನಿಮಿಷದಾಗ ಬರೀರಿ ಅಂತ ಕೇಳು.